ನೆಲ, ನೀರು ಮತ್ತು ನಾಲ್ಕು ಏಡಿಗಳು

ಜನವರಿ 12

ತೂಕ 54.6. ಕುಡಿದ ನೀರು 700 ಮಿ.ಲೀ. ಮೂತ್ರ, ಅಳತೆಗೆ ಸಿಗುವಷ್ಟಿಲ್ಲ.

ದಿನಾ ಇಷ್ಟು ಬರೆದಿಡಿ ಎಂದಿದ್ದಾರೆ ಡಾಕ್ಟರು. ಒಂದೂವರೆ ಸಾಲಿನ ಕೆಲಸ. ಆದರೆ ಡೈರಿಯಲ್ಲಿ ದಿನಕ್ಕೊಂದು ಇಡೀ ಪುಟವಿದೆ. ಇಪ್ಪತ್ತೆರಡು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದ ಕೈಗೆ ಖಾಲಿ ಜಾಗ ಕಂಡರೆ ತುರಿಕೆ. ನಕ್ಷೆಯಲ್ಲಿ ಏನೂ ಇಲ್ಲದ ಕಡೆ ‘ಬಂಜರು’ ಎಂದಾದರೂ ಬರೆಯಲೇಬೇಕಿತ್ತು.

ಎರಡೂ ಮೂತ್ರಪಿಂಡ ಕೈಕೊಟ್ಟು ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ, ಒಂದೊಂದು ದಿನ ನಾಲ್ಕು ಗಂಟೆ, ನನ್ನ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಯಂತ್ರದಲ್ಲಿ ತೊಳೆಸಿಕೊಂಡು ವಾಪಸ್ ಬರುತ್ತದೆ. ಕುಡಿಯಲು ದಿನಕ್ಕೆ ಮುಕ್ಕಾಲು ಲೀಟರು. ಚಹಾ, ಮಾತ್ರೆ ನುಂಗುವ ಗುಟುಕು ಎಲ್ಲ ಅದರೊಳಗೇ.

ಜನವರಿ 19

ತೂಕ 54.9. ನೀರು 750.

ಪುಟ್ಟಿ ಬಂದಿದ್ದಳು. ಮೂವತ್ತಾರು ವರ್ಷದ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ, ಎಂಟು ವರ್ಷದ ಮಗಳಿರುವ ಹೆಂಗಸನ್ನು ಪುಟ್ಟಿ ಎಂದು ಕರೆಯುವುದು ನಾನೊಬ್ಬಳೇ. ಅಮ್ಮ ಹೋದಾಗ ಅವಳಿಗೆ ನಾಲ್ಕು, ನನಗೆ ಹದಿನೈದು. ಅವಳ ಜಡೆ ಹಾಕಿದ್ದು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ತಿರುಗಿದ್ದು ನಾನು.

ಕೈಯಲ್ಲಿ ಒಂದು ಕಾಗದ ಹಿಡಿದು ಬಂದಿದ್ದಳು. ನನಗೆ ಹೇಳದೆ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ.

“ಗುಂಪು ಹೊಂದುತ್ತೆ ಅಕ್ಕ. ಡಾಕ್ಟ್ರು ಮುಂದಿನ ಪರೀಕ್ಷೆಗೆ ಬನ್ನಿ ಅಂದ್ರು. ನನ್ನ ಒಂದು ಕಿಡ್ನಿ ನಿಂಗೆ.”

“ಮನೆಗೆ ಹೋಗು.”

“ಕೇಳು ಸ್ವಲ್ಪ...”

“ನಾನು ಎತ್ತಿ ಆಡಿಸಿದ ಕೂಸಿನ ಹೊಟ್ಟೆ ಕೊಯ್ಸಿ ನಾನು ಬದುಕೋದಾ? ಆ ಮಾತು ಮತ್ತೆ ಎತ್ತಿದ್ರೆ ಈ ಕಡೆ ಬರ್ಲೇಬೇಡ.”

ಹೋದಳು. ಬಾಗಿಲನ್ನು ಮೆಲ್ಲಗೇ ಹಾಕಿಕೊಂಡು ಹೋದಳು. ಧಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಜನವರಿ 26

ತೂಕ 54.2. ನೀರು 700. ಪುಟ್ಟಿಯ ಫೋನ್ ಮೂರು ಸಲ. ಎತ್ತಲಿಲ್ಲ.

ಡಯಾಲಿಸಿಸ್ ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞನಿಗೆ ನಾವೆಲ್ಲ ‘ಮೆಷಿನ್ ಮೇಷ್ಟ್ರು’ ಎನ್ನುತ್ತೇವೆ. ಸೂಜಿ ಚುಚ್ಚುವಾಗ ನೋವು ಮರೆಸಲು ಪಾಠ ಶುರು ಮಾಡುತ್ತಾನೆ. ಇವತ್ತು ಪಾಠದ ಬದಲು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಹೆಬ್ಬೆರಳಿನ ಉಗುರಿನಷ್ಟು ಏಡಿ. ಮೈ ನೇರಳೆ ಬಣ್ಣ, ಕಣ್ಣು ಅರಿಸಿನ ಹಳದಿ. ಯಾರೋ ಬಣ್ಣ ಹಚ್ಚಿದ್ದಾರೆ ಅಂದುಕೊಂಡೆ.

“ಹುಟ್ಟಿದ ಬಣ್ಣವೇ ಮೇಡಂ. ಇವು ಅರ್ಧ ನೆಲದ್ದು, ಅರ್ಧ ನೀರಿನದ್ದು. ಬರೀ ನೀರಲ್ಲಿಟ್ರೆ ಉಸಿರು ಕಟ್ಟಿ ಸಾಯ್ತವೆ. ನೀರಿಲ್ದೆ ಇಟ್ರೆ ಒಣಗಿ ಸಾಯ್ತವೆ.”

ನನ್ನ ಹಾಗೆಯೇ ಅಂದೆ. ಅವನು ನಗಲಿಲ್ಲ. “ಮನೇಲಿ ತುಂಬಾ ಆಗಿವೆ. ಹೊಸ ತೊಟ್ಟಿ ಕಟ್ಟಬೇಕು. ನೀವು ಬೆಟ್ಟ-ಹೊಳೆ ಬರೆಯೋರಲ್ವಾ, ಒಂದು ನಕ್ಷೆ ಹಾಕಿಕೊಡಿ” ಅಂದ.

ಜನವರಿ 30

ನೀರು 720. ತೂಕ ನೋಡಲು ಮರೆತೆ.

ತೊಟ್ಟಿಯ ನಕ್ಷೆ ಬರೆದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬಲಗಡೆ ಮೂರನೇ ಒಂದು ಪಾಲು ನೀರು, ಉಳಿದದ್ದು ನೆಲ. ನೆಲ ಹಿಂದಕ್ಕೆ ಹೋದಂತೆ ಎತ್ತರ. ಮುಂದೆ ಇಳಿಜಾರು, ಏಡಿ ನಡೆದುಕೊಂಡೇ ನೀರಿಗಿಳಿಯುವಂತೆ. ನೆಲದ ಅಡಿಯಲ್ಲಿ ಬೆಣಚುಕಲ್ಲಿನ ಪದರ, ಮೇಲಿನ ಮಣ್ಣು ಕೊಳೆಯದಂತೆ ನೀರು ಬಸಿದುಹೋಗಲಿಕ್ಕೆ. ಹಿಂದಿನ ಮೂಲೆಯಿಂದ ಪುಟ್ಟ ಪಂಪು ನೀರನ್ನು ಮೇಲೆತ್ತಿ ಕಲ್ಲಿನ ಮೇಲೆ ಬಿಡುತ್ತದೆ. ಎತ್ತರದ ರೇಖೆಗಳನ್ನೂ ಎಳೆದೆ, ಒಂದೊಂದು ಇಂಚಿಗೆ ಒಂದು.

ನಾನು ಬರೆದ ನದಿಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವಳಲ್ಲ. ಬೇರೆಯವರು ಅಳೆದು ತಂದ ಅಂಕಿಗಳಿಗೆ ನೀಲಿ ಶಾಯಿ ಹಾಕಿದವಳು.

ಮೇಷ್ಟ್ರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮಡಚಿ ನನಗೇ ವಾಪಸ್ ಕೊಟ್ಟ. “ಇದು ನೀವೇ ಕಟ್ಟಿ. ಏಡಿ ನಾನು ಕೊಡ್ತೀನಿ.”

ಫೆಬ್ರವರಿ 6

ಗಾಜಿನ ತೊಟ್ಟಿ ಬಂತು. ನನ್ನ ಗಂಡ ಸಿಟಿ ಬಸ್ಸಿನ ಚಾಲಕ. ಅರವತ್ತು ಜನರನ್ನು ತುಂಬಿಕೊಂಡು ಇಕ್ಕಟ್ಟಿನ ತಿರುವಿನಲ್ಲಿ ಬಸ್ಸು ತಿರುಗಿಸುವ ಮನುಷ್ಯ, ಮೆಟ್ಟಿಲಿನಲ್ಲಿ ತೊಟ್ಟಿ ತಿರುಗಿಸುವಷ್ಟರಲ್ಲಿ ಬೆವತುಹೋದ.

“ಏಡಿಗೆ ಕಾಲೆಷ್ಟು?” ಎಂದು ಕೇಳಿದ.

“ಎಂಟು. ಎರಡು ಕೊಂಡಿ ಬೇರೆ.”

“ಮುಚ್ಚಳ ಇರುತ್ತೆ ತಾನೇ?”

“ಇರುತ್ತೆ.”

“ಭದ್ರವಾಗಿರುತ್ತೆ ತಾನೇ?”

ತುಂಬ ನೀರು ಹಾಕಿ ಒಂದು ದಿನ ಬಿಟ್ಟಿದ್ದೇವೆ, ಸೋರುತ್ತದೆಯೇ ನೋಡಲು. ಸುಮ್ಮನೆ ನೀರು, ಸುಮ್ಮನೆ ಗಾಜು. ನಾಲಿಗೆ ಒಣಗಿದ್ದರೂ ಅದರ ಮುಂದೆ ಒಂದು ಗಂಟೆ ಕೂತಿದ್ದೆ.

ಫೆಬ್ರವರಿ 11

ತೂಕ 54.4. ನೀರು 680.

ಕಲ್ಲು ಬಂದಿವೆ. ನನ್ನ ಎಡ ಮುಂಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದಾರೆ, ಯಂತ್ರದ ಸೂಜಿ ಚುಚ್ಚಲು. ಕೈಯಿಟ್ಟರೆ ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ಗುಡುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಒಂದೇ ಕೈಯಲ್ಲಿ ಒಂದು ಕಲ್ಲು ಎತ್ತಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡೆ. ಗಂಡ ಡ್ಯೂಟಿಯಲ್ಲಿದ್ದ. ಹೆಬ್ಬೆರಳು ಹಿಡಿದುಕೊಂಡು ನೆಲದ ಮೇಲೆ ಕೂತು, ಯಾರನ್ನು ಕರೆಯಲಿ ಎಂದು ಯೋಚಿಸಿದೆ. ಯೋಚಿಸುವಂಥದ್ದೇನೂ ಇರಲಿಲ್ಲ.

ಪುಟ್ಟಿ ಒದ್ದೆ ಕೂದಲಲ್ಲೇ ಬಂದಳು. ನಾನು ತೋರಿಸಿದ ಕಡೆ ಕಲ್ಲಿಟ್ಟಳು. ಸರಿಯಿಲ್ಲ ಎಂದಾಗ ತೆಗೆದಳು, ಮತ್ತೆ ಇಟ್ಟಳು. ಹನ್ನೊಂದು ಕಲ್ಲು, ಎರಡು ಗಂಟೆ. ಕಿಡ್ನಿಯ ಮಾತೆತ್ತಲಿಲ್ಲ. ಹೋಗುವಾಗ ಮಾತ್ರ, “ಬೇರೆ ಏನಾದ್ರೂ ಎತ್ತೋದಿದ್ರೆ ಕರಿ” ಅಂದಳು.

ಫೆಬ್ರವರಿ 14

ಕಲ್ಲಿಗೆ ಕಲ್ಲು ಅಂಟಿಸಿದ ಸಿಲಿಕೋನ್ ಗೋಂದಿನಿಂದ ಹುಳಿ ವಾಸನೆ. ಅದು ಪೂರ್ತಿ ಹೋಗುವವರೆಗೆ ಮುಂದಿನ ಕೆಲಸವಿಲ್ಲ. ಪದೇ ಪದೇ ತೊಟ್ಟಿಯೊಳಗೆ ಮೂಗು ತೂರಿಸುತ್ತಿದ್ದೇನೆ. “ಯಾರಾದ್ರೂ ನೋಡಿದ್ರೆ ನಿನ್ನ ಬೇರೆ ಡಾಕ್ಟರ ಹತ್ರ ಕರ್ಕೊಂಡು ಹೋಗು ಅಂತಾರೆ” ಎಂದ ಗಂಡ.

ಫೆಬ್ರವರಿ 22

ತೆಂಗಿನ ನಾರಿನ ಪುಡಿ, ಮರಳು ಬೆರೆಸಿ ಮಣ್ಣು ಹಾಕಿದೆವು. ಕೈಗವಸು ಇಲ್ಲದೆ ಮುಟ್ಟಬಾರದೆಂದು ನರ್ಸಮ್ಮನ ಕಟ್ಟಪ್ಪಣೆ. ಗಿಡಗಳು: ಎರಡು ಪುಟ್ಟ ಜರಿಗಿಡ, ಕಲ್ಲಿಗೆ ಹಬ್ಬುವ ಒಂದು ಬಳ್ಳಿ, ಬೇರು ನೀರಿಗಿಳಿಬಿಟ್ಟ ಮನಿಪ್ಲಾಂಟ್ ತುಂಡು, ಗೋಡೆಯ ನೆರಳಿನಿಂದ ಎಬ್ಬಿಸಿ ತಂದ ಪಾಚಿ. ಗೊಬ್ಬರ ಬೇಡವೆಂದ ಮೇಷ್ಟ್ರು. ಅದರಲ್ಲಿ ತಾಮ್ರದ ಅಂಶವಿದ್ದರೆ ಏಡಿ ಸಾಯುತ್ತದಂತೆ. ನಲ್ಲಿ ನೀರನ್ನೂ ಹಾಗೇ ಹಾಕುವಂತಿಲ್ಲ.

“ನಿಮ್ಮ ರಕ್ತ ತೊಳೆಯೋ ನೀರಿಗೂ ಇದೇ ಕಾನೂನು ಮೇಡಂ. ಕ್ಲೋರಿನ್ ತೆಗೀದೆ ಬಿಟ್ರೆ ಕಥೆ ಮುಗೀತು” ಎಂದ.

ಪಂಪು ಚಾಲೂ ಮಾಡಿದಾಗ ಮೊದಲು ಗೊರ್ ಗೊರ್ ಸದ್ದಾಯಿತು. ಆಮೇಲೆ ಕಲ್ಲಿನ ನೆತ್ತಿಯ ಮೇಲೆ ಒಂದು ಹನಿ ಕಾಣಿಸಿಕೊಂಡು, ಯಾವ ಕಡೆ ಹೋಗಲಿ ಎಂದು ಕೇಳುವಂತೆ ನಿಂತಿತು. ಹಿಂದೆ ಇನ್ನೊಂದು ಬಂದು ತಳ್ಳಿತು. ನಾನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದ ದಾರಿಯಲ್ಲೇ ಇಳಿಯಿತು. ಇಷ್ಟು ವರ್ಷ ಹೊಳೆ ಬರೆದಿದ್ದೇನೆ. ಒಂದೂ ಹರಿದಿರಲಿಲ್ಲ.

ಮಾರ್ಚ್ 4

ಎಲ್ಲ ಹಾಳಾಯಿತು. ಮಣ್ಣಿನ ಮೇಲೆ, ಏಡಿ ಅವಿತುಕೊಳ್ಳಲೆಂದು ಇಟ್ಟ ಮರದ ತುಂಡಿನ ಮೇಲೆ ಬೆಳ್ಳಗೆ ಬೂಷ್ಟು. ಹತ್ತಿ ಹರಡಿದ ಹಾಗೆ.

ಮಾರ್ಚ್ 5

ಹಾಳಾಗಿಲ್ಲವಂತೆ. ಹೊಸ ತೊಟ್ಟಿಯಲ್ಲಿ ಹೀಗೇ ಆಗುತ್ತದಂತೆ. ಮೇಷ್ಟ್ರು ಒಂದು ಡಬ್ಬಿ ಕೊಟ್ಟ. ಒಳಗೆ ರವೆಯ ಕಾಳಿಗಿಂತ ಸಣ್ಣ ಬಿಳಿ ಹುಳುಗಳು, ಮುಟ್ಟಿದರೆ ಚಿಮ್ಮುತ್ತವೆ. ಬೂಷ್ಟೇ ಅವುಗಳ ಊಟ. “ಇವನ್ನ ಬಿಟ್ಟು ಸುಮ್ನಿರಿ. ಎಲ್ಲಾ ನೀವೇ ಮಾಡ್ಬೇಕಂತಿಲ್ಲ” ಅಂದ.

ನೀರು 750. ತೂಕ 54 ಚಿಲ್ಲರೆ.

ಮಾರ್ಚ್ 13

ಬೂಷ್ಟಿಲ್ಲ. ಒಂದು ಚೂರೂ ಇಲ್ಲ! ಭೂತಗನ್ನಡಿ ಹಿಡಿದು ಹುಡುಕಿದೆ. ಜರಿಗಿಡದಲ್ಲಿ ಹೊಸ ಎಲೆಯೊಂದು ಸುರುಳಿ ಸುತ್ತಿಕೊಂಡು ಎದ್ದಿದೆ.

ಮಾರ್ಚ್ 18

ಏಡಿಗಳು ಬಂದವು. ನಾಲ್ಕು. ಒಂದು ಗಂಡು, ಮೂರು ಹೆಣ್ಣು. ಒಂದು ಹೆಣ್ಣಿಗೆ ಏಳೇ ಕಾಲು. ಯಾವುದೋ ಜಗಳದಲ್ಲಿ ಒಂದು ಹೋಗಿದೆಯಂತೆ. ಡಬ್ಬಿಯ ಮುಚ್ಚಳ ತೆರೆದು ತೊಟ್ಟಿಯೊಳಗೆ ಇಟ್ಟೆವು. ಗಂಡ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದ, ಬೇಕಾದರೆ ಓಡಲು ಅನುಕೂಲವಾಗುವಂತೆ.

ಗಂಡು ಮೊದಲು ಹೊರಬಂದು ಕಲ್ಲು ಕಲ್ಲಿಗೂ ಹೋಗಿ ಕೊಂಡಿಯಿಂದ ತಟ್ಟಿ ನೋಡಿತು. “ಕಾಮಗಾರಿ ಪರಿಶೀಲನೆಗೆ ಇನ್ಸ್‌ಪೆಕ್ಟರ್ ಬಂದ” ಎಂದ ಗಂಡ. ಅದಕ್ಕೆ ಅದೇ ಹೆಸರು ನಿಂತಿತು. ಏಳು ಕಾಲಿನದು ಏಳುಕಾಲಮ್ಮ. ಉಳಿದೆರಡನ್ನು ಗುರುತು ಹಿಡಿಯುವಷ್ಟರಲ್ಲಿ ನಾಲ್ಕೂ ಮಾಯ.

ಮಾರ್ಚ್ 25

ಏಳು ದಿನವಾಯಿತು. ಒಂದೂ ಕಾಣಲಿಲ್ಲ. ಇಟ್ಟ ಕ್ಯಾರೆಟ್ ಚೂರು ಮಾತ್ರ ಬೆಳಗಾಗುವಷ್ಟರಲ್ಲಿ ಮಂಗಮಾಯ.

ಮಾರ್ಚ್ 28

ಯಂತ್ರದಿಂದ ಬಂದು ಸುಸ್ತಾಗಿ ತೊಟ್ಟಿಯ ಮುಂದಿನ ಚಾಪೆಯ ಮೇಲೆ ಮಲಗಿದ್ದೆ. ಮಧ್ಯಾಹ್ನ ಮೂರರ ಹೊತ್ತು. ಕಣ್ಣು ತೆರೆದರೆ, ಗಾಜಿನಾಚೆ ನನ್ನ ಮುಖದಿಂದ ನಾಲ್ಕು ಬೆರಳು ದೂರದಲ್ಲಿ ಇನ್ಸ್‌ಪೆಕ್ಟರ್. ನೀರಿನ ಅಂಚಿನಲ್ಲಿ ಕೂತು, ಎರಡು ಕೊಂಡಿಗಳಿಂದ ಸರದಿಯ ಪ್ರಕಾರ ಪಾಚಿ ಕಿತ್ತು ಬಾಯಿಗಿಡುತ್ತಿತ್ತು. ಎಡ, ಬಲ, ಎಡ, ಬಲ. ಅವಸರವಿಲ್ಲ. ಬಾಯಿಯ ಬಾಗಿಲುಗಳು ಪಕ್ಕಕ್ಕೆ ತೆರೆದುಕೊಳ್ಳುತ್ತವೆ, ನಮ್ಮ ಹಾಗೆ ಮೇಲೆ ಕೆಳಗೆ ಅಲ್ಲ. ಒಂದು ಕಣ್ಣನ್ನು ಮಡಚಿ ಗುಳಿಯೊಳಗೆ ಇಟ್ಟು, ಒರೆಸಿ, ಮತ್ತೆ ಎತ್ತಿ ನಿಲ್ಲಿಸಿತು.

ಅಲ್ಲಾಡದೆ ನೋಡಿದೆ. ಎಷ್ಟು ಹೊತ್ತೋ. ಬಾಯಾರಿಕೆಯ ನೆನಪಾಗಲಿಲ್ಲ.

ಏಪ್ರಿಲ್ 9

ಬೆಳಿಗ್ಗೆ ಏಳುಕಾಲಮ್ಮ ನೀರಿನ ಅಡಿಯಲ್ಲಿ ಸತ್ತುಬಿದ್ದಿದ್ದಳು. ಕಾಲು ಮಡಚಿಕೊಂಡು, ಬಣ್ಣ ಮಾಸಿ. ಬೆನ್ನಿನ ಚಿಪ್ಪು ಹಿಂದಿನಿಂದ ಬಾಯ್ಬಿಟ್ಟಿತ್ತು. ಯಾಕೆ ಅಷ್ಟು ಅಳು ಬಂತೋ. ಹನ್ನೊಂದು ತಿಂಗಳಲ್ಲಿ ನನಗಾಗಿ ಅತ್ತವಳಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ.

“ಬಿಸಾಕ್ಬೇಡಿ ಮೇಡಂ! ಮೂಸಿ ನೋಡಿ.”

“ಏನಂದ್ರಿ?”

“ಮೂಸಿ. ನಾತ ಹೊಡೀತಿದ್ರೆ ಸತ್ತಿದೆ. ಇಲ್ದಿದ್ರೆ ಹಳೇ ಬಟ್ಟೆ ಬಿಚ್ಚಿಟ್ಟು ಹೋಗಿದೆ.”

ಚಿಮಟದಲ್ಲಿ ಎತ್ತಿ ಮೂಸಿದೆ. ಒದ್ದೆ ಕಲ್ಲಿನ ವಾಸನೆ, ಅಷ್ಟೇ. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣಿಸಿತು. ಒಳಗೆ ಯಾರೂ ಇಲ್ಲ. ಕಾಲಿನ ಒಂದೊಂದು ಗೆಣ್ಣು, ಮೀಸೆಯ ಒಂದೊಂದು ಎಳೆ, ಕಣ್ಣಿನ ಮೇಲಿನ ಪೊರೆ ಕೂಡ ಇದೆ. ಒಂದು ಜೀವ ತನ್ನ ಕಣ್ಣಿನ ಮೇಲಿನ ಪೊರೆಯನ್ನೂ ಕಳಚಿ ಬಿಟ್ಟುಹೋಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ನಲವತ್ತೇಳು ವರ್ಷ ಈ ಭೂಮಿಯ ಮೇಲೆ ಏನು ಮಾಡುತ್ತಿದ್ದೆನೋ.

ಚಿಪ್ಪನ್ನು ಇದ್ದ ಕಡೆಯೇ ಇಟ್ಟೆ. ಅದನ್ನೇ ತಿಂದು ಹೊಸ ಚಿಪ್ಪು ಗಟ್ಟಿಮಾಡಿಕೊಳ್ಳುತ್ತದಂತೆ.

ಏಪ್ರಿಲ್ 14

ಏಳುಕಾಲಮ್ಮ ಬಂದಳು. ದೊಡ್ಡವಳಾಗಿದ್ದಾಳೆ. ನೇರಳೆ ಬಣ್ಣ ಈಗ ತಾನೇ ಒದ್ದೆ ಶಾಯಿ ಎಳೆದ ಹಾಗೆ. ಕಾಲು ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟನೆಯದು ಸಣಕಲು, ಬೆಳ್ಳಗೆ, ಆದರೆ ನೆಲ ಮುಟ್ಟುತ್ತಿದೆ. ಗಂಡನನ್ನು ಕೂಗಿದೆ. ಸೋಪಿನ ಮುಖದಲ್ಲೇ ಬಂದು ಅವನೂ ಎಣಿಸಿದ. ಅವನು ಗಾಜಿನ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

ಎಂಟಾದ ಮೇಲೂ ಹೆಸರು ಏಳುಕಾಲಮ್ಮ ಅಂತಲೇ ಇರಲಿ ಎಂದು ತೀರ್ಮಾನ.

ಏಪ್ರಿಲ್ 23

ಪುಟ್ಟಿ ಎಂಟನೇ ಕಾಲು ನೋಡಲು ಬಂದಿದ್ದಳು. ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತಳು. ತಲೆಯೆತ್ತದೆಯೇ ಹೇಳಿದಳು, “ಅಕ್ಕ, ನಾನು ಉಳಿದ ಪರೀಕ್ಷೆಗಳನ್ನೂ ಮಾಡಿಸ್ಕೊಂಡೆ.”

“ಪುಟ್ಟೀ.”

“ಕೂಗಾಡ್ಬೇಡ, ಏಡಿ ಹೆದರ್ಕೋತವೆ.”

“ನಿನ್ನ ಮಗಳು?”

“ಅವಳಿಗೆ ಹೇಳಿದೀನಿ. ದೊಡ್ಡಮ್ಮಂಗೆ ಬೇಗ ಕೊಡು ಅಂದ್ಲು. ನನ್ನ ಗಂಡನೂ ಒಪ್ಪಿದಾರೆ. ನೀನೊಬ್ಳು.”

“ನಂಗೆ ಬೇಡ. ನಾನು ನಿಂಗೆ ಮಾಡಿದ್ದು ಸಾಲ ಅಂತ ಕೊಟ್ಟಿದ್ದಲ್ಲ, ತೀರಿಸೋಕೆ.”

ಆಗ ಅವಳ ಮುಖ ಕೆಂಪಾಯಿತು. ನಾಲ್ಕು ವರ್ಷದವಳಿದ್ದಾಗ ಆಗುತ್ತಿದ್ದ ಹಾಗೆಯೇ. “ತೀರಿಸೋಕೆ ಬಂದಿಲ್ಲ ನಾನು! ಕೊಡೋದು ನಿಂಗೊಬ್ಳಿಗೇ ಗುತ್ತಿಗೆನಾ? ಜಡೆ ಹಾಕಿದ್ದು ನೀನು, ಫೀಸು ಕಟ್ಟಿದ್ದು ನೀನು, ನನ್ನ ಬಾಣಂತನ ಮಾಡಿದ್ದೂ ನೀನು. ಮೂವತ್ತೆರಡು ವರ್ಷ ಬರೀ ತಗೊಂಡಿದೀನಿ. ತಗೊಳ್ಳೋದು ಎಷ್ಟು ಕಷ್ಟ ಅಂತ ನಿಂಗೇನ್ ಗೊತ್ತು? ಒಂದು ಸಲ ತಗೊಂಡು ನೋಡು.”

ಅವಳು ಹೋದ ಮೇಲೆ ನೋಡಿದೆ. ಭೂತಗನ್ನಡಿ ಗಾಜಿಗೆ ಒರಗಿಸಿಟ್ಟು ಹೋಗಿದ್ದಾಳೆ, ಹಿಡಿ ನನ್ನ ಬಲಗೈಯ ಕಡೆಗೆ.

ಏಪ್ರಿಲ್ 24

ತೂಕ 55.1. ಸುಸ್ತು.

ಮೇ 10

ಐದು ದಿನ ಆಸ್ಪತ್ರೆಯಲ್ಲಿದ್ದೆ. ಬರೆಯಲಾಗಲಿಲ್ಲ. ಐದನೇ ತಾರೀಖು ಬೆಳಿಗ್ಗೆ ಎಡಗೈ ಮುಟ್ಟಿಕೊಂಡರೆ ಗುಂಯ್ ಎನ್ನುವ ಸದ್ದಿಲ್ಲ. ದುಂಬಿ ಸತ್ತಿತ್ತು. ರಕ್ತ ಹೆಪ್ಪುಗಟ್ಟಿದೆ ಎಂದರು. ಪುಟ್ಟಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಳು. ಕತ್ತಿನಲ್ಲಿ ಕೊಳವೆ ಹಾಕಿ ಯಂತ್ರ ನಡೆಸಿದರು. ಕೈಯದನ್ನು ತೆರೆದು ಸರಿಮಾಡಲು ಎರಡು ಸಲ ಪ್ರಯತ್ನಿಸಿದರು. ಎರಡನೇ ಸಲ ಸಣ್ಣಗೆ ಮಿಡಿತ ಬಂತು. ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು.

ಸಾಯುವ ಹೆದರಿಕೆ ಆಗಲಿಲ್ಲ ಎಂದು ಬರೆದರೆ ಸುಳ್ಳು. ತುಂಬ ಹೆದರಿಕೆಯಾಯಿತು. ಇನ್ನೂ ಏನೂ ನೋಡಿಲ್ಲವಲ್ಲ ಅನ್ನಿಸಿತು.

ಮೇ 11

ತೊಟ್ಟಿ ಒಣಗಿರುತ್ತದೆ ಅಂದುಕೊಂಡಿದ್ದೆ. ಮುಚ್ಚಳದ ಮೇಲೆ ಪುಟ್ಟಿಯ ಕೈಬರಹದ ಚೀಟಿಗಳು ಸಾಲಾಗಿ ಅಂಟಿದ್ದವು.

“ಒಂದನೇ ದಿನ: ನೀರು ಸಿಂಪಡಿಸಿದೆ. ಯಾರೂ ಕಾಣಲಿಲ್ಲ.”

“ಎರಡನೇ ದಿನ: ಪಂಪು ನಿಂತಿತ್ತು. ಎಲೆ ಸಿಕ್ಕಿಕೊಂಡಿತ್ತು. ಬಿಚ್ಚಿ ತೊಳೆದೆ. ಭಾವ ಕುರ್ಚಿ ಮೇಲೆ ನಿಂತು ಟಾರ್ಚು ಹಿಡಿದರು.”

“ಮೂರನೇ ದಿನ: ಇನ್ಸ್‌ಪೆಕ್ಟರ್ ಮುಚ್ಚಳದ ಸಂದಿಯಿಂದ ಹೊರಗೆ ಬಂದು ಸೋಫಾ ಕೆಳಗೆ ಹೋದ. ಭಾವನೇ ಹಿಡಿದರು!!! ಲೋಟ ಕವುಚಿ. ಆಮೇಲೆ ನೀರು ಕುಡಿದು ಮಲಗಿದರು.”

“ನಾಲ್ಕು: ಅಕ್ಕ, ಬೈಬೇಡ. ಒಂದು ಕಲ್ಲು ಜರುಗಿಸಿದೀನಿ.”

ಬೈಯಲೆಂದೇ ಬಗ್ಗಿ ನೋಡಿದೆ. ನೆತ್ತಿಯ ಕಲ್ಲನ್ನು ಒಂದು ಬೆರಳಿನಷ್ಟು ಎಡಕ್ಕೆ ತಿರುಗಿಸಿದ್ದಾಳೆ. ನನ್ನ ನಕ್ಷೆಯ ಒಂದೇ ಧಾರೆ ಈಗ ಇಲ್ಲ. ನೀರು ಕಲ್ಲಿನ ಇಡೀ ಮೈಮೇಲೆ ತೆಳ್ಳಗೆ ಹರಡಿಕೊಂಡು ಇಳಿಯುತ್ತಿದೆ. ಎರಡು ತಿಂಗಳಿಂದ ಕಂದಾಗಿಯೇ ಇದ್ದ ಎಡಗಡೆಯ ಪಾಚಿ, ಆ ಒದ್ದೆ ಮುಟ್ಟಿದಲ್ಲೆಲ್ಲ ಹಸಿರು ಮೊಳಕೆಯೊಡೆದಿದೆ. ನಾನು ಎಷ್ಟು ಅಳೆದರೂ ನನಗೆ ಕಾಣದಿದ್ದ ಇಳಿಜಾರು ಅದು.

ಸಂಜೆ ಪುಟ್ಟಿ ಬಂದಳು. “ಬೈತೀಯಾ?”

“ಇಲ್ಲ.”

“ಮುಂದಿನ ಸೋಮವಾರ ಇಬ್ಬರದೂ ರಕ್ತ ಒಟ್ಟಿಗೆ ನೋಡ್ತಾರಂತೆ. ಬರ್ತೀಯಾ?”

ಬರುತ್ತೇನೆ ಎಂದೆ. ಆ ಪಾಚಿಯನ್ನು ಹತ್ತಿರದಿಂದ ನೋಡಿದರೆ ಒಂದೊಂದು ಎಳೆಯೂ ಒಂದು ಇಡೀ ಗಿಡ. ಕಾಂಡವಿದೆ, ಎಲೆಯಿದೆ, ತುದಿಯಲ್ಲಿ ಹನಿಯಿದೆ, ಹನಿಯೊಳಗೆ ನಮ್ಮ ಕಿಟಕಿ ತಲೆಕೆಳಗಾಗಿ ನಿಂತಿದೆ.

ಮೇ 21

ಆಸ್ಪತ್ರೆಗೆ ಹೋಗಿಬಂದೆವು. ಅವಳದೊಂದು ಹತ್ತು ಪುಟ್ಟ ಸೀಸೆ ರಕ್ತ, ನನ್ನದೊಂದು ಹತ್ತು. ಬರುವಾಗ ದಾರಿಯ ಮರಗಳ ಕೆಳಗೆ ಒಣಗಿದೆಲೆ ಆರಿಸಿಕೊಂಡು ಬಂದೆವು, ತೊಟ್ಟಿಗೆ. ಏಡಿಗೆ ಮೆತ್ತನೆ ಎಲೆಗಿಂತ ಗರಿಗರಿ ಎಲೆಯೇ ಇಷ್ಟ.

ಜೂನ್ 3

ಏಳುಕಾಲಮ್ಮ ವಿಚಿತ್ರವಾಗಿ ನಡೆಯುತ್ತಿದ್ದಾಳೆ, ಹೊಟ್ಟೆಯನ್ನು ನೆಲದಿಂದ ಎತ್ತಿ. ಗಾಜಿಗೆ ಹತ್ತಿದಾಗ ಕಾಣಿಸಿತು. ಹೊಟ್ಟೆಯ ಮಡಿಕೆಯೊಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳು, ಒಂದಕ್ಕೊಂದು ಒತ್ತಿಕೊಂಡು.

ಮೇಷ್ಟ್ರಿಗೆ ಹೇಳಿದಾಗ, ಸೂಜಿ ಕೈಯಲ್ಲಿ ಹಿಡಿದುಕೊಂಡೇ ಒಂದು ಸುತ್ತು ಹಾಕಿದ. “ಸಮುದ್ರದ ಏಡಿಗಳಾದ್ರೆ ಸಾವಿರಗಟ್ಲೆ ಅರೆಬೆಳೆದ ಮರಿ ನೀರಿಗೆ ಬಿಟ್ಟು ಕೈ ತೊಳ್ಕೋತವೆ. ಇವು ಹಾಗಲ್ಲ. ಕೆಲವೇ ಕೆಲವು. ಪೂರ್ತಿ ಮರಿ ಆಗೋವರೆಗೂ ತಾಯಿ ಹೊಟ್ಟೆಗೇ ಕಟ್ಕೊಂಡಿರುತ್ತೆ. ಅಲ್ಲಾಡಿಸ್ಬೇಡಿ, ಕಲ್ಲು ಜರುಗಿಸ್ಬೇಡಿ, ನೋಡ್ತಾ ಇರಿ.”

ನೋಡುತ್ತಿದ್ದೇನೆ. ಆಗಾಗ ನೀರಿಗಿಳಿದು ಮಡಿಕೆ ತೆರೆದು ಮೊಟ್ಟೆಗಳಿಗೆ ನೀರಾಡಿಸುತ್ತಾಳೆ. ಮತ್ತೆ ಮಡಚಿ ಮೇಲೆ ಬರುತ್ತಾಳೆ. ಉಳಿದವರು ಕ್ಯಾರೆಟ್ಟಿಗೆ ಜಗಳವಾಡುವಾಗ ಇವಳು ಎಲೆಯ ಕೆಳಗೆ.

ಜೂನ್ 18

ರಕ್ತ ಹೊಂದುತ್ತದೆ. ಅನುಮತಿ ಕಾಗದಗಳೂ ಬಂದಿವೆ. ಜುಲೈ ನಾಲ್ಕಕ್ಕೆ ಶಸ್ತ್ರಚಿಕಿತ್ಸೆ.

ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಹೊಸ ಅಂಗವನ್ನು ಮೈ ಹೊರಗೆ ತಳ್ಳದಂತೆ ಔಷಧಿ ಕೊಡುತ್ತಾರೆ. ಅದರಿಂದ ಸೋಂಕು ಬೇಗ ತಗಲುತ್ತದೆ. “ಮನೇಲಿ ಪ್ರಾಣಿ ಗೀಣಿ ಇದ್ಯಾ?” ಎಂದರು. ಪುಟ್ಟಿ ನನ್ನ ಮುಖ ನೋಡಿದಳು. ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, “ಮಣ್ಣು, ತೊಟ್ಟಿ ನೀರು ಮುಟ್ಟೋ ಹಾಗಿಲ್ಲ. ಮೊದಲ ಮೂರು ತಿಂಗಳು ಆ ಕೋಣೆಗೇ ಹೋಗ್ಬೇಡಿ” ಎಂದರು.

ಪುಟ್ಟಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟಳು. ಮನೆ ಹತ್ತಿರ ಬಂದಾಗ, “ತೊಟ್ಟಿ ನಮ್ಮನೆಗೆ ತಗೊಂಡು ಹೋಗ್ಲಾ? ನನ್ನ ಮಗಳು ಕುಣಿದಾಡ್ತಾಳೆ. ಇಲ್ಲ ಅಂದ್ರೆ ಬೇಡ” ಎಂದಳು.

“ಈಗ ಅಲ್ಲಾಡಿಸೋ ಹಾಗಿಲ್ಲ, ಮೊಟ್ಟೆ ಇದೆ. ಮರಿಯಾದ ಮೇಲೆ ತಗೊಂಡು ಹೋಗು. ನಿಂಗೆ ನೀರಿನ ಓಟ ಚೆನ್ನಾಗಿ ಗೊತ್ತಾಗುತ್ತೆ” ಎಂದೆ. ಅಷ್ಟಕ್ಕೇ ಯಾಕೆ ಅತ್ತಳೋ, ತಿಳಿಯಲಿಲ್ಲ.

ಮೊಟ್ಟೆಗಳ ಬಣ್ಣ ಈಗ ಕಂದು. ಒಳಗೆ ಎರಡೆರಡು ಕಪ್ಪು ಚುಕ್ಕಿ. ಕಣ್ಣುಗಳಂತೆ.

ಜುಲೈ 1

ಇವತ್ತಿನದನ್ನು ಹೇಗೆ ಬರೆಯಲಿ.

ಬೆಳಿಗ್ಗೆ ಏಳು ಗಂಟೆ. ಏಳುಕಾಲಮ್ಮ ನೀರಿನಂಚಿನ ಚಪ್ಪಟೆ ಕಲ್ಲಿನ ಮೇಲೆ ನಿಂತು, ಮಡಿಕೆ ತೆರೆದು ಮೈ ಅದುರಿಸುತ್ತಿದ್ದಳು. ಮೊದಲು ಮರಳಿನ ಕಾಳು ಉದುರಿದ ಹಾಗೆ ಕಂಡಿತು. ಉದುರಿದ ಕಾಳು ನಡೆಯಿತು. ಭೂತಗನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಸಾಸಿವೆಯಷ್ಟು ಏಡಿ. ಎಂಟು ಕಾಲು, ಎರಡು ಕೊಂಡಿ, ಎರಡು ಕಣ್ಣು. ಯಾವುದೂ ಬಾಕಿಯಿಲ್ಲ. ಮೈ ಗಾಜಿನಂತೆ, ಒಳಗೆ ಏನೋ ಮಿಡಿಯುತ್ತಿದೆ. ಹುಟ್ಟಿ ಒಂದು ನಿಮಿಷವಾಗಿಲ್ಲ, ಕೊಂಡಿಯೆತ್ತಿ ಪಾಚಿಯನ್ನು ತಟ್ಟಿ ನೋಡಿತು. ಥೇಟ್ ಅಪ್ಪನ ಹಾಗೆ. ನಗು ಬಂತು, ಕಣ್ಣು ಮಂಜಾಯಿತು.

ಗಂಡ ಡ್ಯೂಟಿಗೆ ಹೋಗುವುದನ್ನು ಮರೆತು ಪಕ್ಕದಲ್ಲಿ ಬೋರಲು ಮಲಗಿದ್ದ. ಪುಟ್ಟಿಗೆ ಫೋನ್ ಮಾಡಿದೆ, ಹತ್ತು ನಿಮಿಷದಲ್ಲಿ ಬಂದಳು. ಮೂವರೂ ನೆಲದ ಮೇಲೆ, ತಲೆಗೆ ತಲೆ ತಾಗಿಸಿಕೊಂಡು.

“ಎಷ್ಟಿವೆ?” ಪಿಸುಗುಟ್ಟಿದಳು ಪುಟ್ಟಿ.

“ಹತ್ತೊಂಬತ್ತು ಕಂಡೆ.”

“ಇಪ್ಪತ್ತು,” ಎಂದ ಗಂಡ. “ಆ ಜರಿಗಿಡದ ಮೇಲೆ ಹತ್ತಿದಾನೆ ನೋಡಿ ಒಬ್ಬ. ತುದಿಗೆ ಹೋಗ್ತಿದಾನೆ. ಬೀಳ್ತಾನೆ ಕಣೆ, ಬೀಳ್ತಾನೆ...”

ಬೀಳಲಿಲ್ಲ. ತುದಿಯಲ್ಲಿದ್ದ ನೀರಿನ ಹನಿಯೊಳಕ್ಕೆ ಕೊಂಡಿ ಚಾಚಿ, ಬಾಯಿಗಿಟ್ಟುಕೊಂಡಿತು.

ಜುಲೈ 2

ಮಧ್ಯಾಹ್ನ ಆಸ್ಪತ್ರೆಗೆ ಸೇರಬೇಕು. ಬೆಳಿಗ್ಗೆಯೆಲ್ಲ ಮರಿ ನೋಡಿದ್ದೇ ಆಯಿತು. ಪುಟ್ಟಿಯ ಗಂಡ, ಮಗಳು ಭಾನುವಾರ ಬಂದು ತೊಟ್ಟಿ ಒಯ್ಯುತ್ತಾರೆ. ನೀರು ಎಷ್ಟಿಳಿಸಬೇಕು, ಮರಿಗಳನ್ನು ಯಾವ ಡಬ್ಬಿಗೆ ಹಾಕಬೇಕು ಎಲ್ಲ ಬರೆದಿಟ್ಟಿದ್ದೇನೆ. ಕೊನೆಯಲ್ಲಿ, ‘ಕಲ್ಲುಗಳನ್ನು ನಿಮಗೆ ಸರಿಕಂಡಂತೆ ಜೋಡಿಸಿ’ ಎಂದೂ ಬರೆದೆ.

ಜುಲೈ 10

ಅಕ್ಷರ ಸೊಟ್ಟ. ಮಲಗಿಕೊಂಡು ಬರೆಯುತ್ತಿದ್ದೇನೆ.

ಆಯಿತು. ಮೇಜಿನ ಮೇಲೆ ಹೊಲಿಗೆ ಹಾಕುತ್ತಿರುವಾಗಲೇ ಅದು ಕೆಲಸ ಶುರುಮಾಡಿತಂತೆ. ಡಾಕ್ಟರು ಇನ್ನೂ ಅದನ್ನು ಹೇಳಿಕೊಂಡು ತಿರುಗುತ್ತಿದ್ದಾರೆ.

ಇವತ್ತು ಪುಟ್ಟಿಯನ್ನು ಒಳಗೆ ಬಿಟ್ಟರು. ಮಾಸ್ಕು, ಟೋಪಿ, ನಿಲುವಂಗಿ. ಗೋಡೆ ಹಿಡಿದುಕೊಂಡು, ಒಂದು ಕೈ ಪಕ್ಕೆಗೊತ್ತಿ, ಒಂದೊಂದೇ ಹೆಜ್ಜೆಯಿಡುತ್ತ ಬಂದು ಕುರ್ಚಿಯಲ್ಲಿ ಕೂತಳು. ನೋವಿನಿಂದ ಹಣೆಯಲ್ಲಿ ಬೆವರು. ಒರೆಸಲು ಕೈ ಚಾಚಿದೆ, ಎಟುಕಲಿಲ್ಲ. ಅವಳೇ ಬಗ್ಗಿ ನನ್ನ ಹಣೆ ಒರೆಸಿದಳು.

“ಎಲ್ಲಿದೆ ಅದು?” ಕೇಳಿದಳು.

“ಇಲ್ಲಿ. ಹೊಟ್ಟೆಯ ಕೆಳಗೆ, ಬಲಗಡೆ. ಮುಂದೇನೇ ಇಡ್ತಾರಂತೆ.”

“ಹಳೇವು?”

“ಅವೂ ಒಳಗೇ ಇವೆ. ತೆಗೆಯಲ್ವಂತೆ.”

ಲೆಕ್ಕ ಹಾಕಿದಳು. ಕಣ್ಣು ಅಗಲವಾಯಿತು. “ಅಂದ್ರೆ ನಿಂಗೆ ಮೂರು, ನಂಗೆ ಒಂದು! ಇದ್ಯಾವ ನ್ಯಾಯ ಅಕ್ಕ?”

“ನಗಿಸ್ಬೇಡ ಕಣೇ, ಹೊಲಿಗೆ ಎಳೆಯುತ್ತೆ.”

“ನಂಗೂ ಎಳೀತಿದೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನರ್ಸು ಬಂದು ಗದರಿ ಅವಳನ್ನು ಕರೆದುಕೊಂಡು ಹೋದಳು.

ಈಗ ಒಬ್ಬಳೇ ಇದ್ದೇನೆ. ಪಟ್ಟಿಯ ಮೇಲಿಂದಲೇ ಕೈಯಿಟ್ಟು ನೋಡಿದೆ. ಮುಷ್ಟಿಯಷ್ಟು ದೊಡ್ಡದು. ಸುತ್ತಲಿನ ಮೈಗಿಂತ ಸ್ವಲ್ಪ ಬೆಚ್ಚಗಿದೆ. ಕೈ ತೆಗೆಯಲು ಮನಸ್ಸಾಗುತ್ತಿಲ್ಲ.